ಹೊಸ ಸ್ಮಾರ್ಟ್‌ಫೋನ್: ಡಬ್ಬಿಯ ಮೇಲೆ ಬರೆಯದ್ದನ್ನು ಓದುವುದು ಹೇಗೆ?

‘ಈ ಫೋನ್ ಛಲೋ ಐತೇನ್ರೀ, ತಗೋಬಹುದೇನು?’ ಎಂದು ಕೇಳುವವರು ಬಹಳ ಮಂದಿ. ಬೆಳಗಾವಿಯ ಕಾಲೇಜು ಹುಡುಗರು, ಮುಧೋಳ ಕಡೆಯ ಕಬ್ಬು ಬೆಳೆಗಾರರು, ವಿಜಯಪುರದ ಶಿಕ್ಷಕಿಯರು, ಎಲ್ಲರದೂ ಇದೇ ಪ್ರಶ್ನೆ. ಫೋನಿನ ಹೆಸರು ಮಾತ್ರ ಪ್ರತಿ ಸಲ ಬೇರೆ. ಒಂದೊಂದೇ ಮಾದರಿಗೆ ಉತ್ತರ ಕೊಡುತ್ತ ಹೋದರೆ ಅದು ಮುಗಿಯುವ ಕೆಲಸವಲ್ಲ, ಕೊಟ್ಟ ಉತ್ತರವೂ ಕೆಲವೇ ತಿಂಗಳಲ್ಲಿ ಹಳತಾಗುತ್ತದೆ. ಅದಕ್ಕೇ ಯಾವ ಫೋನ್ ಬಂದರೂ ನೀವೇ ಅಳೆದು ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಫೋನಿನ ಒಳ್ಳೆಯ ಗುಣಗಳನ್ನು ಕಂಪನಿ ತಾನಾಗಿಯೇ ದೊಡ್ಡಕ್ಷರದಲ್ಲಿ ಹೇಳುತ್ತದೆ. ಕೊರತೆಯನ್ನು ಯಾರೂ ಬರೆಯುವುದಿಲ್ಲ, ಆ ಸಾಲನ್ನೇ ಬಿಟ್ಟಿರುತ್ತಾರೆ. ಏನು ಬರೆದಿಲ್ಲ ಎಂದು ಹುಡುಕುವುದನ್ನು ಕಲಿತರೆ ಅರ್ಧ ಪರೀಕ್ಷೆ ಅಲ್ಲೇ ಆಯಿತು. ಉಳಿದರ್ಧ, ಆ ಫೋನ್ ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಊರಿನ ಸಿಗ್ನಲ್ಲಿಗೆ ತಾಳುತ್ತದೆಯೇ ಎಂದು ನೋಡುವುದು.

ಬೇಕಾಗುವುದು ಇಷ್ಟೇ: ಒಂದು ಹಾಳೆ, ಪೆನ್ನು, ನಿಮ್ಮ ಈಗಿನ ಫೋನ್, ಕಂಪನಿಯ ಭಾರತದ ಜಾಲತಾಣದಲ್ಲಿರುವ ಆ ಮಾದರಿಯ ವಿವರಪಟ್ಟಿ, ಮತ್ತು ಅಂಗಡಿಗೆ ಹೋಗಲು ಒಂದು ಮಧ್ಯಾಹ್ನ. ಮಧ್ಯಾಹ್ನವೇ ಯಾಕೆ ಎನ್ನುವುದು ನಾಲ್ಕನೇ ಹಂತದಲ್ಲಿದೆ.

1. ಮೊದಲು ಹಳೆಯ ಫೋನನ್ನು ಓದಿ

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಎಂಬಲ್ಲಿ ಹೋದರೆ ದಿನಕ್ಕೆ ಎಷ್ಟು ತಾಸು ಪರದೆ ಉರಿಯುತ್ತದೆ, ಯಾವ ಆ್ಯಪ್ ಎಷ್ಟು ಚಾರ್ಜ್ ತಿನ್ನುತ್ತದೆ ಎಂಬುದು ಸಿಗುತ್ತದೆ. ಸ್ಟೋರೇಜ್ ಎಂಬಲ್ಲಿ ಎಷ್ಟು ಜಿಬಿ ತುಂಬಿದೆ ಎಂಬುದು ಸಿಗುತ್ತದೆ. ಎರಡನ್ನೂ ಬರೆದುಕೊಳ್ಳಿ. ಅದರ ಕೆಳಗೆ, ಈ ಫೋನಿನಿಂದ ನಿಮಗಾಗುತ್ತಿರುವ ತೊಂದರೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆಯಿರಿ.

ಪಟ್ಟಿಯ ಮೇಲಿರುವುದು ‘ಚಾರ್ಜ್ ನಿಲ್ಲೋದಿಲ್ಲ’ ಎಂಬ ಒಂದೇ ದೂರಾಗಿದ್ದರೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ. ಹೊಸ ಫೋನಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಬಹುದು. ಇದನ್ನು ಕೇಳದೆ ರೊಕ್ಕ ಖರ್ಚು ಮಾಡಬೇಡಿ.

2. ವಿವರಪಟ್ಟಿಯಲ್ಲಿ ಬಿಟ್ಟ ಜಾಗಗಳನ್ನು ಹುಡುಕಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಹಂತಕ್ಕೆ. ಜಾಹೀರಾತಿನ ಪುಟ ಬಿಟ್ಟು ‘ಸ್ಪೆಸಿಫಿಕೇಷನ್ಸ್’ ಎಂಬ ಪುಟಕ್ಕೇ ಹೋಗಿ. ಒಂದೇ ಹೆಸರಿನ ಫೋನ್ ಬೇರೆ ದೇಶದಲ್ಲಿ ಬೇರೆ ಬ್ಯಾಟರಿ, ಬೇರೆ ಚಿಪ್ ಹೊತ್ತು ಬರುವುದುಂಟು, ಹಾಗಾಗಿ ಭಾರತದ ಪುಟವನ್ನೇ ನೋಡಿ.

ಮೊದಲು ರ‍್ಯಾಮ್. ಇದು ಫೋನು ಆ ಹೊತ್ತಿನಲ್ಲಿ ಮಾಡುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ವೇಗದ ಮೆಮೊರಿ. ಡಬ್ಬಿಯ ಮೇಲೆ ‘16 ಜಿಬಿ’ ಎಂದು ದೊಡ್ಡದಾಗಿ ಬರೆದು ಪಕ್ಕದಲ್ಲಿ ಚಿಕ್ಕದಾಗಿ ‘8+8’ ಎಂದಿದ್ದರೆ, ನಿಜವಾದ ರ‍್ಯಾಮ್ 8 ಜಿಬಿ. ಉಳಿದ 8 ಜಿಬಿಯನ್ನು ಸ್ಟೋರೇಜ್‌ನಿಂದ ಎರವಲು ಪಡೆದಿರುತ್ತಾರೆ, ಅದು ಬಹಳ ನಿಧಾನ. ಲೆಕ್ಕಕ್ಕೆ ಮೊದಲ ಅಂಕಿಯನ್ನಷ್ಟೇ ಹಿಡಿಯಿರಿ.

ಆಮೇಲೆ ಸ್ಟೋರೇಜ್‌ನ ಜಾತಿ. 128 ಜಿಬಿ, 256 ಜಿಬಿ ಎಂದು ಎಲ್ಲರೂ ಬರೆಯುತ್ತಾರೆ, ಯಾವ ಬಗೆಯದು ಎಂದು ಕೆಲವರು ಬರೆಯುವುದಿಲ್ಲ. ‘ಇಎಂಎಂಸಿ’ ಎಂದಿದ್ದರೆ ಅದು ಹಳೆಯ, ನಿಧಾನದ ಬಗೆ. ‘ಯುಎಫ್‌ಎಸ್ 2.2’ ಅಥವಾ ಅದಕ್ಕಿಂತ ಮೇಲಿನದು ಇರಲಿ. ಏನೂ ಬರೆದಿಲ್ಲವೆಂದರೆ ಇಎಂಎಂಸಿ ಇರಬಹುದೆಂದೇ ಅನುಮಾನಿಸಿ ವಿಚಾರಿಸಿ. ಒಂದೇ ಫೋನಿನ ಎರಡು ಆವೃತ್ತಿಗಳಲ್ಲೂ ಇದು ಬೇರೆಯಾಗುತ್ತದೆ: ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್23ರ 128 ಜಿಬಿ ಆವೃತ್ತಿಯಲ್ಲಿ ಯುಎಫ್‌ಎಸ್ 3.1 ಇತ್ತು, 256 ಜಿಬಿಯದರಲ್ಲಿ 4.0. ವಿಮರ್ಶೆ ಮಾಡುವವರ ಕೈಗೆ ಹೆಚ್ಚಾಗಿ ದೊಡ್ಡ ಆವೃತ್ತಿಯೇ ಬಂದಿರುತ್ತದೆ ಎಂಬುದನ್ನು ಮರೆಯಬೇಡಿ.

ಚಿಪ್, ಅಂದರೆ ಫೋನಿನ ಮುಖ್ಯ ಪ್ರೊಸೆಸರ್, ಅದರ ಹೆಸರನ್ನು ಪೂರ್ತಿ ಬರೆದುಕೊಳ್ಳಿ. ‘5ಜಿ ಆಕ್ಟಾಕೋರ್ ಪ್ರೊಸೆಸರ್’ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಎಂಬ ಚಿಪ್‌ಗಳಲ್ಲಿ 4, 6, 7, 8 ಎಂಬ ಸರಣಿಗಳು, ಡೈಮೆನ್ಸಿಟಿ ಎಂಬ ಚಿಪ್‌ಗಳಲ್ಲಿ 6000, 7000, 8000, 9000. ಅಂಕಿ ಏರಿದಂತೆ ದರ್ಜೆ ಏರುತ್ತದೆ. ಆದರೆ ಹೊಸ ಅಂಕಿ ಎಂದರೆ ಹೊಸ ಚಿಪ್ ಎಂದು ನಂಬಬೇಡಿ. ಡೈಮೆನ್ಸಿಟಿ 7050 ಎಂಬುದು ಹಿಂದಿನ 1080ಕ್ಕೇ ಇಟ್ಟ ಹೊಸ ಹೆಸರು, 6080 ಎಂಬುದು ಹಿಂದಿನ 810. ಚಿಪ್ ಕೆಟ್ಟದ್ದೆಂದಲ್ಲ, ಹಳೆಯದಕ್ಕೆ ಹೊಸದರ ಬೆಲೆ ಕೊಡುವಂತಾಗಬಾರದು.

ಕೊನೆಗೆ ಸೆನ್ಸರ್‌ಗಳ ಸಾಲು. ಬಹಳಷ್ಟು ಜನ ಇದನ್ನು ನೋಡುವುದೇ ಇಲ್ಲ. ಅಗ್ಗದ ಎಷ್ಟೋ ಫೋನುಗಳಲ್ಲಿ ಗೈರೊಸ್ಕೋಪ್, ಅಂದರೆ ಫೋನ್ ತಿರುಗಿದ್ದನ್ನು ಅಳೆಯುವ ಸೆನ್ಸರ್, ಇರುವುದಿಲ್ಲ, ಕೆಲವದರಲ್ಲಿ ದಿಕ್ಸೂಚಿಯೂ ಇರುವುದಿಲ್ಲ. ದಿಕ್ಸೂಚಿ ಇಲ್ಲದಿದ್ದರೆ ನಕಾಶೆಯಲ್ಲಿ ನೀವು ನಿಂತ ಜಾಗ ತೋರುತ್ತದೆ, ಮುಖ ಯಾವ ಕಡೆಗಿದೆ ಎಂದು ತೋರುವುದಿಲ್ಲ. ಹೊಲದ ಸರ್ವೆ ನಂಬರ್ ನೋಡಲು ‘ದಿಶಾಂಕ್’ ಆ್ಯಪ್ ಬಳಸುವವರು, ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಮ್ಮ ತೊಗರಿ, ದ್ರಾಕ್ಷಿಯ ಫೋಟೊ ತಾವೇ ಏರಿಸುವ ರೈತರು ಇದನ್ನು ಗಮನಿಸಲೇಬೇಕು. ಜಿಪಿಎಸ್ ಸಾಲಿನಲ್ಲಿ ‘ಎಲ್1+ಎಲ್5’ ಎಂದಿದ್ದರೆ ಒಳ್ಳೆಯದು. ಉಪಗ್ರಹದಿಂದ ಎರಡು ತರಂಗಾಂತರಗಳಲ್ಲಿ ಸಂಕೇತ ಹಿಡಿಯುವ ಈ ವ್ಯವಸ್ಥೆ ನೀವಿರುವ ಜಾಗವನ್ನು ಹೆಚ್ಚು ನಿಖರವಾಗಿ ಹೇಳುತ್ತದೆ. ಬದುವಿನ ಈಚೆಗೋ ಆಚೆಗೋ ಎಂಬ ಪ್ರಶ್ನೆ ಬಂದಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ಹಾಗೆಂದು ಫೋನ್ ತೋರಿಸಿದ ಗೆರೆಯನ್ನೇ ಗಡಿ ಎಂದು ಹಿಡಿಯಬೇಡಿ, ಅದು ಮೋಜಣಿದಾರರ ಕೆಲಸ.

3. ನಿಮ್ಮ ಊರಿನ ಸಿಗ್ನಲ್ ಹಿಡಿಯುತ್ತದೆಯೇ?

5ಜಿ ಎಂದು ಬರೆದಿದ್ದರೆ ಸಾಲದು, ಯಾವ ‘ಬ್ಯಾಂಡ್’ ಎಂದು ನೋಡಬೇಕು. ಬ್ಯಾಂಡ್ ಎಂದರೆ ಫೋನ್ ಮತ್ತು ಟವರ್ ಮಾತಾಡಿಕೊಳ್ಳುವ ತರಂಗಾಂತರದ ಪಟ್ಟಿ. ಭಾರತದ 5ಜಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎನ್78; ಇದು ವೇಗದ್ದು, ಆದರೆ ದೂರ ಹೋಗುವುದಿಲ್ಲ, ಗೋಡೆ ದಾಟುವುದು ಕಷ್ಟ. ಜಿಯೊ ಇದರ ಜೊತೆಗೆ 700 ಮೆಗಾಹರ್ಟ್ಜ್‌ನ ಎನ್28 ಬಳಸುತ್ತದೆ. ಇದು ದೂರಕ್ಕೂ ಹೋಗುತ್ತದೆ, ಮನೆಯೊಳಗೂ ಬರುತ್ತದೆ. ಬಾಗಲಕೋಟೆ, ವಿಜಯಪುರ ಕಡೆಯ ದಪ್ಪ ಕಲ್ಲುಗೋಡೆಯ ಮಾಳಿಗೆ ಮನೆಗಳಲ್ಲಿ ಇದ್ದು ಜಿಯೊ ಬಳಸುವವರಿಗೆ ಎನ್28 ಇಲ್ಲದ ಫೋನ್ ಬೇಡ. ಅದರ ಜೊತೆ ‘ವೈಫೈ ಕಾಲಿಂಗ್’ ಇದೆಯೇ ನೋಡಿ. ಮನೆಯೊಳಗೆ ಟವರ್ ಸಿಗದಿದ್ದರೂ ವೈಫೈ ಮೂಲಕ ಸಾಮಾನ್ಯ ಕರೆ ಹೋಗಲು ಇದು ಬೇಕು.

ಬಿಎಸ್ಎನ್ಎಲ್ ಸಿಮ್ ಇದ್ದರೆ 4ಜಿ ಸಾಲಿನಲ್ಲಿ ಬ್ಯಾಂಡ್ 1 ಮತ್ತು ಬ್ಯಾಂಡ್ 28 ಎರಡೂ ಇರಲಿ. ಖಾನಾಪುರದ ಕಾಡಿನ ಕಡೆಯ ಊರುಗಳವರು ಅಂಗಡಿಯಲ್ಲಿ ನೋಡಿ ತೃಪ್ತಿಪಡಬೇಡಿ, ಅದೇ ಮಾದರಿ ಬಳಸುತ್ತಿರುವ ನಿಮ್ಮೂರವರೊಬ್ಬರನ್ನು ಹುಡುಕಿ ಕೇಳಿ.

ಸಿಮ್ ಟ್ರೇ ಸಹ ನೋಡಿ. ‘ಹೈಬ್ರಿಡ್’ ಎಂದಿದ್ದರೆ ಎರಡನೇ ಸಿಮ್ ಅಥವಾ ಮೆಮೊರಿ ಕಾರ್ಡ್, ಒಂದನ್ನು ಮಾತ್ರ ಹಾಕಬಹುದು.

4. ಪರದೆಯನ್ನು ಬಿಸಿಲಿಗೆ ಹಿಡಿದು ನೋಡಿ

ಅಂಗಡಿಯ ದೀಪದ ಕೆಳಗೆ ಕೆಟ್ಟದಾಗಿ ಕಾಣುವ ಫೋನು ಸಿಗುವುದು ಅಪರೂಪ. ಮಧ್ಯಾಹ್ನ ಹೋಗಲು ಹೇಳಿದ್ದು ಅದಕ್ಕೆ. ಅಂಗಡಿಯವರನ್ನು ಕೇಳಿ ಡೆಮೊ ಫೋನನ್ನು ಬಾಗಿಲ ಹೊರಗೆ ತನ್ನಿ. ಬಿಳಿ ಹಿನ್ನೆಲೆಯ ಒಂದು ಪುಟ, ಆಮೇಲೆ ಕ್ಯಾಮೆರಾ ತೆರೆದು ಓದಲು ಬರುತ್ತದೆಯೇ ನೋಡಿ. ಕರಿ ಕನ್ನಡಕ ಹಾಕುವವರು ಹಾಕಿಕೊಂಡೇ ನೋಡಿ.

ಹೊಳಪಿನ ಅಳತೆಗೆ ‘ನಿಟ್ಸ್’ ಎನ್ನುತ್ತಾರೆ. ‘4500 ನಿಟ್ಸ್’ ಎಂದು ಜಾಹೀರಾತಿನಲ್ಲಿ ಬರುವುದು ‘ಪೀಕ್’ ಹೊಳಪು. ಅದು ಪರದೆಯ ಸಣ್ಣ ಭಾಗದಲ್ಲಿ, ವಿಶೇಷ ವಿಡಿಯೊ ಓಡುವಾಗ ಸಿಗುವ ಅಂಕಿ. ನಿಮಗೆ ಬೇಕಾದದ್ದು ‘ಎಚ್‌ಬಿಎಂ’, ಅಂದರೆ ಬಿಸಿಲಿನಲ್ಲಿ ಇಡೀ ಪರದೆಗೆ ಸಿಗುವ ಹೊಳಪು. ಹೊಲದಲ್ಲಿ, ರಸ್ತೆಯಲ್ಲಿ ಕೆಲಸ ಮಾಡುವವರಿಗೆ ಇದು 1000 ನಿಟ್ಸ್‌ಗಿಂತ ಕಡಿಮೆ ಇರಬಾರದು ಎಂಬುದು ನನ್ನ ಅಭಿಪ್ರಾಯ.

ಅಮೊಲೆಡ್ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಬಣ್ಣ ಗಾಢ. ಎಲ್‌ಸಿಡಿಗೆ ಹಿಂದಿನಿಂದ ಬೆಳಕು ಬೇಕು. ಅದು ಅಗ್ಗ, ಒಡೆದರೆ ಬದಲಿಸುವ ಖರ್ಚೂ ಕಡಿಮೆ. 120 ಹರ್ಟ್ಜ್ ಎಂದರೆ ಪರದೆ ಸೆಕೆಂಡಿಗೆ 120 ಸಲ ಹೊಸದಾಗಿ ಚಿತ್ರ ಮೂಡಿಸುತ್ತದೆ; ಮೇಲೆ ಕೆಳಗೆ ಸರಿಸುವಾಗ ನಯವೆನಿಸುತ್ತದೆ, ಚಾರ್ಜ್ ಹೆಚ್ಚು ಬೇಕು. ಇದಕ್ಕಿಂತ ಮುಖ್ಯ ರೆಸಲ್ಯೂಷನ್: ಆರೂವರೆ ಇಂಚಿನ ಪರದೆಗೆ ‘ಎಚ್‌ಡಿ+’ ಎಂದಷ್ಟೇ ಇದ್ದರೆ ಕನ್ನಡದ ಒತ್ತಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ‘ಫುಲ್ ಎಚ್‌ಡಿ+’ ಇರಲಿ.

5. ಬ್ಯಾಟರಿ ಮತ್ತು ಸೆಖೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಫೋನ್ ಬೇಗ ಹಾಳಾಗಲು ಒಂದು ದೊಡ್ಡ ಕಾರಣ ಶಾಖ. ಸುತ್ತಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಐಫೋನ್ ಬಳಸಿ ಎಂದು ಆ್ಯಪಲ್ ಹೇಳುತ್ತದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ಅಂಥ ಹೊತ್ತಿನಲ್ಲಿ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಪರದೆಯ ಹೊಳಪು ಇಳಿಸುತ್ತದೆ, ಚಿಪ್‌ನ ವೇಗ ತಗ್ಗಿಸುತ್ತದೆ, ಚಾರ್ಜ್ ಆಗುವುದನ್ನು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ತಂಪು ಕೋಣೆಯಲ್ಲಿ ಕೂತು ಮಾಡಿದ ವಿಮರ್ಶೆಯಲ್ಲಿ ಇದು ಯಾವುದೂ ಬರುವುದಿಲ್ಲ.

ಅಂಗಡಿಯ ಹೊರಗೆ ನೆರಳಿನಲ್ಲಿ ನಿಂತು ಹತ್ತು ನಿಮಿಷ 4ಕೆ ವಿಡಿಯೊ ತೆಗೆಯಿರಿ, 4ಕೆ ಇಲ್ಲದಿದ್ದರೆ ಅದರಲ್ಲಿರುವ ಅತಿ ಹೆಚ್ಚಿನ ಗುಣಮಟ್ಟದಲ್ಲಿ. ಫೋನ್ ಹಿಡಿಯಲಾಗದಷ್ಟು ಕಾದರೆ, ವಿಡಿಯೊ ತಾನಾಗಿ ನಿಂತರೆ, ಪರದೆ ಮಂಕಾದರೆ ಬರೆದುಕೊಳ್ಳಿ.

ಬ್ಯಾಟರಿಯ ಗಾತ್ರವನ್ನು ಎಂಎಎಚ್‌ನಲ್ಲಿ ಹೇಳುತ್ತಾರೆ. ಕೆಲವು ವರ್ಷಗಳ ಹಿಂದೆ 5000 ದೊಡ್ಡದಾಗಿತ್ತು. ಈಗ 6000, 7000ದ ಫೋನುಗಳೂ ತೆಳ್ಳಗೇ ಇವೆ. ಕಾರಣ ‘ಸಿಲಿಕಾನ್-ಕಾರ್ಬನ್’ ಬ್ಯಾಟರಿ. ಒಳಗಿನ ಗ್ರಾಫೈಟ್ ಜೊತೆ ಸಿಲಿಕಾನ್ ಬೆರೆಸಿದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. ಗಾತ್ರದ ಜೊತೆ ಆಯುಷ್ಯವನ್ನೂ ಕೇಳಿ. ಸೊನ್ನೆಯಿಂದ ನೂರರವರೆಗಿನ ಪೂರ್ತಿ ಒಂದು ಚಾರ್ಜ್‌ಗೆ ಒಂದು ‘ಸೈಕಲ್’ ಎನ್ನುತ್ತಾರೆ. 2025ರ ಜೂನ್ 20ರಿಂದ ಯುರೋಪ್ ಒಕ್ಕೂಟದಲ್ಲಿ ಮಾರುವ ಹೊಸ ಮಾದರಿಗಳ ಬ್ಯಾಟರಿ 800 ಸೈಕಲ್ ನಂತರವೂ ಶೇ. 80ರಷ್ಟು ಶಕ್ತಿ ಉಳಿಸಿಕೊಳ್ಳಬೇಕೆಂಬ ನಿಯಮವಿದೆ. ಅಲ್ಲಿ ಫೋನಿನ ಜೊತೆ ಕೊಡುವ ಇಂಧನ ಚೀಟಿಯಲ್ಲಿ ಬ್ಯಾಟರಿ ಎಷ್ಟು ಸೈಕಲ್ ತಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಂಬ ದರ್ಜೆಗಳಿರುತ್ತವೆ. ಒಕ್ಕೂಟದ ‘ಎಪ್ರೆಲ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಇದನ್ನು ಪುಕ್ಕಟೆ ನೋಡಬಹುದು. ನೀವು ನೋಡುತ್ತಿರುವ ಫೋನ್ ಅಲ್ಲಿಯೂ ಮಾರಾಟವಾಗುತ್ತಿದ್ದರೆ ಇದಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ಕಷ್ಟ. ಬ್ಯಾಟರಿಯ ಗಾತ್ರ ಎರಡೂ ಕಡೆ ಒಂದೇ ಇದೆಯೇ ಎಂದು ತಾಳೆ ನೋಡಿಕೊಳ್ಳಿ.

ಚಾರ್ಜಿಂಗ್ ವೇಗವನ್ನು ವ್ಯಾಟ್‌ನಲ್ಲಿ ಬರೆಯುತ್ತಾರೆ. ‘80 ವ್ಯಾಟ್’ ಎಂದಿದ್ದರೆ ಎರಡು ಪ್ರಶ್ನೆ ಕೇಳಿ: ಚಾರ್ಜರ್ ಡಬ್ಬಿಯಲ್ಲಿ ಬರುತ್ತದೆಯೇ? ಬೇರೆ ಕಂಪನಿಯ ಟೈಪ್-ಸಿ ಚಾರ್ಜರ್ ಹಾಕಿದರೆ ಎಷ್ಟು ವೇಗ ಸಿಗುತ್ತದೆ? ಎಷ್ಟೋ ಫೋನುಗಳಿಗೆ ಪೂರ್ತಿ ವೇಗ ಸಿಗುವುದು ಅದೇ ಕಂಪನಿಯ ಚಾರ್ಜರ್ ಮತ್ತು ಕೇಬಲ್ ಇದ್ದಾಗ ಮಾತ್ರ. ಚಾರ್ಜರ್ ಬೇರೆ ಕೊಳ್ಳಬೇಕಾದರೆ ಆ ಬೆಲೆಯನ್ನೂ ಫೋನಿನ ಬೆಲೆಗೆ ಸೇರಿಸಿ ಹೋಲಿಸಿ.

6. ಕ್ಯಾಮೆರಾ: ಮೆಗಾಪಿಕ್ಸೆಲ್ ಮರೆತುಬಿಡಿ

50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕೆಗಳನ್ನು ಒಂದಾಗಿ ಬೆಸೆದು 12.5 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. 200 ಮೆಗಾಪಿಕ್ಸೆಲ್ ಇದ್ದರೆ ಹದಿನಾರನ್ನು ಬೆಸೆದು ಅದೇ 12.5 ಕೊಡುತ್ತದೆ. ಅಂಕಿಗಿಂತ ಸೆನ್ಸರ್‌ನ ಗಾತ್ರ ಮುಖ್ಯ. ಅದನ್ನು 1/1.56 ಇಂಚು, 1/2.76 ಇಂಚು ಎಂಬಂತೆ ಬರೆಯುತ್ತಾರೆ. ಗೆರೆಯ ಕೆಳಗಿನ ಅಂಕಿ ಸಣ್ಣದಾದಷ್ಟೂ ಸೆನ್ಸರ್ ದೊಡ್ಡದು, ಮಬ್ಬು ಬೆಳಕಿನಲ್ಲಿ ಫೋಟೊ ಚೆನ್ನ. ‘ಒಐಎಸ್’ ಎಂದಿದ್ದರೆ ಕೈ ಅಲುಗಿದ್ದನ್ನು ಲೆನ್ಸ್ ತಾನೇ ಸರಿದೂಗಿಸುತ್ತದೆ. ಹಿಂದೆ ಮೂರು ಕಣ್ಣಿದ್ದು ಅವುಗಳಲ್ಲಿ ಎರಡು 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೊ’, ‘ಡೆಪ್ತ್’ ಆಗಿದ್ದರೆ, ಕೆಲಸಕ್ಕೆ ಬರುವುದು ಒಂದೇ ಎಂದು ಲೆಕ್ಕ ಹಾಕಿ. ಆ ಜಾಗದಲ್ಲಿ ಅಲ್ಟ್ರಾವೈಡ್ ಇದ್ದರೆ ಉಪಯೋಗ ಉಂಟು. ಗೋಳಗುಮ್ಮಟದ ಎದುರು ಹತ್ತಿರ ನಿಂತು ಇಡೀ ಕಟ್ಟಡ ಚೌಕಟ್ಟಿನೊಳಗೆ ಬರಬೇಕೆಂದರೆ ಅದು ಬೇಕು.

ಅಂಗಡಿಯಲ್ಲಿ ಮೂರು ಫೋಟೊ ತೆಗೆಯಿರಿ. ಒಂದು, ಬಾಗಿಲಿಗೆ ಬೆನ್ನು ಮಾಡಿ ನಿಂತವರದು. ಮುಖವೂ ಕಾಣಬೇಕು, ಹಿಂದಿನ ರಸ್ತೆಯೂ ಬೆಳ್ಳಗೆ ಸುಟ್ಟಂತೆ ಆಗಬಾರದು. ಬಾದಾಮಿಯ ಗುಹೆಯೊಳಗಿಂದ ಹೊರಗೆ ತೆಗೆಯುವಾಗ ಎದುರಾಗುವ ಕಷ್ಟ ಇದೇ. ಎರಡು, ಗಾಢ ಕೆಂಪು ಬಟ್ಟೆ. ಇಳಕಲ್ ಸೀರೆಯ ಕೆಂಪು ಸೆರಗು ಉಟ್ಟವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನೇಯ್ಗೆಯ ಎಳೆಗಳು ಕಾಣದೆ ಬರೀ ಕೆಂಪು ಗುಡ್ಡೆಯಾಗಿ ಬಂದರೆ ಆ ಕ್ಯಾಮೆರಾ ಬಣ್ಣವನ್ನು ಅತಿ ಮಾಡುತ್ತಿದೆ. ಸೀರೆ, ಖಣದ ವ್ಯಾಪಾರ ವಾಟ್ಸ್ಆ್ಯಪ್‌ನಲ್ಲಿ ಮಾಡುವ ಇಳಕಲ್, ಗುಳೇದಗುಡ್ಡದವರು ಈ ಪರೀಕ್ಷೆಯನ್ನು ಬಿಡಲೇಬಾರದು. ಫೋಟೊದ ಬಣ್ಣ ಒಂದು, ಕಳಿಸಿದ ಸೀರೆಯ ಬಣ್ಣ ಇನ್ನೊಂದು ಆದರೆ ಗಿರಾಕಿ ಮತ್ತೆ ಬರುವುದಿಲ್ಲ. ಮೂರು, ನಡೆಯುತ್ತಿರುವ ಮನುಷ್ಯ, ಒಳಗಿನ ಕಡಿಮೆ ಬೆಳಕಿನಲ್ಲಿ. ತೆಗೆದ ಮೇಲೆ ಹಿಗ್ಗಿಸಿ ನೋಡಿ.

7. ಸಾಫ್ಟ್‌ವೇರ್ ಮತ್ತು ಕನ್ನಡ

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ, ಎರಡು ಭಾಗ ಮಾಡಿ ಕೇಳಿ: ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಎಷ್ಟು, ಭದ್ರತಾ ತೇಪೆಗಳು ಎಷ್ಟು ವರ್ಷ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟವು. ಅಗ್ಗದ ಫೋನುಗಳಲ್ಲಿ ಇದು ಎರಡು, ಮೂರು ವರ್ಷಕ್ಕೂ ಇಳಿಯುತ್ತದೆ. ವರ್ಷದ ಲೆಕ್ಕ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ರಿಯಾಯಿತಿಯಲ್ಲಿ ಸಿಗುವ ಕಳೆದ ವರ್ಷದ ಮಾದರಿಗೆ ಅಷ್ಟು ಆಯುಷ್ಯ ಕಳೆದಿರುತ್ತದೆ. ಬ್ಯಾಂಕಿನ, ಯುಪಿಐ ಆ್ಯಪ್‌ಗಳು ಹಳೆಯ ಆವೃತ್ತಿಗಳನ್ನು ಕ್ರಮೇಣ ಕೈಬಿಡುತ್ತವೆ.

ಕನ್ನಡದ ಪರೀಕ್ಷೆಗೆ ಐದು ನಿಮಿಷ ಸಾಕು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಅಕ್ಷರದ ಗಾತ್ರವನ್ನು ಪೂರ್ತಿ ಏರಿಸಿ, ಲಕ್ಷ್ಮೀ, ಸ್ತ್ರೀ, ರಾಷ್ಟ್ರ, ಸಾಮರ್ಥ್ಯ ಎಂದು ಬರೆಯಿರಿ. ಕೆಳಗಿನ ಒತ್ತು ಕತ್ತರಿಸಿ ಹೋಗಿದೆಯೇ, ಮೆನುವಿನ ಪದಗಳು ಅರ್ಧಕ್ಕೇ ನಿಂತಿವೆಯೇ ನೋಡಿ. ಅಪ್ಪ-ಅವ್ವನಿಗಾಗಿ ಕೊಳ್ಳುತ್ತಿದ್ದರೆ ಇದೇ ದೊಡ್ಡ ಪರೀಕ್ಷೆ. ಧ್ವನಿ ಟೈಪಿಂಗ್ ಹಚ್ಚಿ ನಿಮ್ಮ ಮನೆಯ ಮಾತಿನಲ್ಲೇ ಒಂದೆರಡು ವಾಕ್ಯ ಹೇಳಿ ನೋಡಿ. ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಬೇಕು. ಕೀಲಿಮಣೆ ಎರಡರ ನಡುವೆ ಸಲೀಸಾಗಿ ಹೊರಳಬೇಕು.

ಕೊಳ್ಳುವಾಗಲೇ ತುಂಬಿರುವ ಆ್ಯಪ್‌ಗಳನ್ನೂ ನೋಡಿ. ಕೆಲವನ್ನು ತೆಗೆಯಲು ಬರುವುದಿಲ್ಲ, ಕೆಲವು ಲಾಕ್ ಪರದೆಯಲ್ಲೇ ಜಾಹೀರಾತು ತರುತ್ತವೆ.

8. ನೀರು, ಧೂಳು, ರಿಪೇರಿ

‘ಐಪಿ’ ಮುಂದಿನ ಎರಡು ಅಂಕಿಗಳಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಸಿಡಿದ ಹನಿಗೆ ತಡೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು. ಐಪಿ68 ಇನ್ನೂ ಹೆಚ್ಚು, ಎಷ್ಟೆಂದು ಕಂಪನಿಯೇ ಹೇಳಬೇಕು. ಬೆಳಗಾವಿಯ ಮಳೆಗಾಲಕ್ಕೆ, ಬೈಕಿನ ಮೇಲೆ ಓಡಾಡುವವರಿಗೆ ಇದು ನಿಜವಾಗಿ ಬೇಕು. ಆದರೆ ಎಚ್ಚರ: ಐಪಿ68 ಇದ್ದರೂ ನೀರಿನಿಂದ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಇನ್ನು, ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ನಿಮಗೆ ಎಷ್ಟು ದೂರ? ಸಿಂದಗಿ, ಅಥಣಿ, ಹುನಗುಂದದವರಿಗೆ ಇದು ಒಂದು ದಿನದ ಕೂಲಿಯ ಪ್ರಶ್ನೆ. ಕೊಳ್ಳುವ ಮೊದಲೇ ಅಲ್ಲಿಗೆ ಕರೆ ಮಾಡಿ ಪರದೆ ಬದಲಿಸಲು ಎಷ್ಟು, ಎಷ್ಟು ದಿನ ಎಂದು ಕೇಳಿ. ಅಂಚು ಬಾಗಿದ ಪರದೆ ಒಡೆದರೆ ಖರ್ಚು ಹೆಚ್ಚು ಬರುತ್ತದೆ.

9. ವಿಮರ್ಶೆಗಳನ್ನು ನೋಡುವ ಬಗೆ

ಹಣ ಅಥವಾ ಪುಕ್ಕಟೆ ವಸ್ತು ಪಡೆದು ಪ್ರಚಾರ ಮಾಡುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ತಂದಿದೆ. ವಿಡಿಯೊದ ಮೇಲೆ, ಕೆಳಗಿನ ವಿವರಣೆಯಲ್ಲಿ ಆ ಮಾತು ಇದೆಯೇ ನೋಡಿ. ಫೋನ್ ಬಿಡುಗಡೆಯಾದ ದಿನವೇ ಬರುವ ವಿಮರ್ಶೆಗಿಂತ ಮೂರು ತಿಂಗಳ ಬಳಿಕದ್ದು ಮೇಲು. ಖರೀದಿ ತಾಣಗಳಲ್ಲಿ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನು ಓದಿ. ಒಂದೇ ದೂರು ಪದೇ ಪದೇ ಬಂದರೆ ಅದೇ ಫೋನಿನ ಕೊರತೆ.

10. ಕೊಳ್ಳುವ ದಿನ, ಆಮೇಲಿನ ವಾರ

ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ, ನೋಡಿ. ಸೀಲ್ ನಿಮ್ಮೆದುರಿಗೇ ಒಡೆಯಲಿ. ಆನ್‌ಲೈನ್ ಆದರೆ ಡಬ್ಬಿ ಬಿಚ್ಚುವುದನ್ನು ನಡುವೆ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ, ಅದು ಆ ಫೋನಿನ ಗುರುತಿನ ಸಂಖ್ಯೆ. ಅದು ಡಬ್ಬಿಗೂ ಬಿಲ್ಲಿಗೂ ಹೊಂದಬೇಕು. ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಐಎಂಇಐ ಪರಿಶೀಲಿಸುವ ಕಡೆ ಹಾಕಿದರೆ ಆ ಸಂಖ್ಯೆ ಅಸಲಿಯೇ ಎಂಬುದು ತಿಳಿಯುತ್ತದೆ.

‘ಬಿಲ್ ಬ್ಯಾಡಂದ್ರ ಸ್ವಲ್ಪ ಕಡಿಮಿ ಮಾಡ್ತೀವ್ರೀ’ ಎಂದರೆ ಒಪ್ಪಬೇಡಿ. ಐಎಂಇಐ ಬರೆದ ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ವಾರಂಟಿಗೂ, ಕಳುವಾದಾಗ ಫೋನ್ ಬ್ಲಾಕ್ ಮಾಡಿಸುವುದಕ್ಕೂ ತೊಡಕು. ‘ನೋ ಕಾಸ್ಟ್ ಇಎಂಐ’ ಎಂದರೂ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಬೀಳಬಹುದು; ಒಟ್ಟು ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ.

ಮೊದಲ ವಾರ ಹಳೆಯ ಫೋನ್ ಯಾರಿಗೂ ಕೊಡಬೇಡಿ. ಹೊಸದರಲ್ಲಿ ಎರಡೂ ಸಿಮ್‌ನಿಂದ ಕರೆ, ಸ್ಪೀಕರ್, ಮೈಕ್, ಬೆರಳಚ್ಚು, ಜಿಪಿಎಸ್ ಪ್ರತಿದಿನ ಬಳಸಿ. ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ತೆರೆದು ಪರದೆಯಲ್ಲಿ ಗೆರೆ, ಚುಕ್ಕೆ ಇವೆಯೇ ನೋಡಿ. ಬದಲಿಸಿಕೊಡುವ ಅವಧಿ ಕೆಲವೇ ದಿನ ಇರುತ್ತದೆ, ಅದನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿರಿ. ದೋಷ ಕಂಡ ದಿನವೇ ಅಂಗಡಿಗೆ ಲಿಖಿತವಾಗಿ ತಿಳಿಸಿ, ವಾಟ್ಸ್ಆ್ಯಪ್ ಆದರೂ ಸರಿ. ಅವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ಹಾಜರಾಗಬಹುದು.